ಬೆಂಕಿಯ ಬಾಯಲ್ಲ, ನೀರಿನ ಕೆಲಸ: ಹಲೆಯಕಲಾದಲ್ಲಿ ಒಂದು ಹಗಲಿನ ನಡಿಗೆ

(ಚಿಕ್ಕಮಗಳೂರಿನಲ್ಲಿ ಚಾರಣಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಬಾಬಾಬುಡನ್‌ಗಿರಿಗೆ ಹೋಗುವ ಬಾಡಿಗೆ ಜೀಪಿನಲ್ಲಿ ನನ್ನ ಜೊತೆ ಬೆಂಗಳೂರಿನ ನಾಲ್ಕು ಹುಡುಗರು ಕುಳಿತಿದ್ದರು. ತಿರುವೊಂದರಲ್ಲಿ ಚಾಲಕರು ಗಾಡಿ ನಿಧಾನ ಮಾಡಿ, ಕೆಳಗಿನ ಜಾಗರ ಕಣಿವೆಯ ಕಡೆಗೆ ಕೈ ತೋರಿಸಿ, "ನೋಡಿ ಸಾರ್, ಗಿರಿ ಸಾಲು ಹೆಂಗೆ ಕುದುರೆ ಲಾಳದ ಥರ ಬಳಸಿದೆ. ಹಿಂದೆ ಇದು ಜ್ವಾಲಾಮುಖಿ ಆಗಿತ್ತು. ಆ ಕಣಿವೆ ಇದೆಯಲ್ಲ, ಅದೇ ಅದರ ಬಾಯಿ" ಎಂದು ವಿವರಿಸಿದರು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ನನ್ನ ನಾಲಿಗೆ ತುದಿಯವರೆಗೆ ತಿದ್ದುಪಡಿ ಬಂದಿತ್ತು. ಆದರೆ ಆ ತಿರುವಿನಲ್ಲಿ ಚಾಲಕರ ಗಮನ ರಸ್ತೆಯ ಮೇಲಿರುವುದೇ ಎಲ್ಲರಿಗೂ ಒಳ್ಳೆಯದೆಂದು ಸುಮ್ಮನಾದೆ.

ಆ ಮಾತು ಅರ್ಧ ತಪ್ಪು, ಅರ್ಧ ಸರಿ. ಯಾವ ಅರ್ಧ ತಪ್ಪು, ಯಾವ ಅರ್ಧ ಸರಿ ಎಂಬುದು ನನಗೇ ಸರಿಯಾಗಿ ಮನದಟ್ಟಾದದ್ದು ಪುಸ್ತಕದಿಂದಲ್ಲ. ಇಲ್ಲಿಂದ ಬಹು ದೂರದ ಶಾಂತಸಾಗರದ ನಡುವಿನ ಒಂದು ದ್ವೀಪದಲ್ಲಿ, ನಿಜವಾದ ಜ್ವಾಲಾಮುಖಿಯೊಂದರ ಒಳಗೆ ಒಂದು ಹಗಲು ನಡೆದ ಮೇಲೆ. ಆ ನಡಿಗೆಯ ವಿಚಾರವನ್ನು ಇಂದು ಹೇಳುತ್ತೇನೆ.

ಹವಾಯಿ ದ್ವೀಪಗಳ ಸಾಲಿನಲ್ಲಿ ಮೌಯಿ ಎಂಬುದೊಂದು ದ್ವೀಪ. ಅದರ ಪೂರ್ವ ಭಾಗವಿಡೀ ಒಂದೇ ಬೆಟ್ಟ, ಹೆಸರು ಹಲೆಯಕಲಾ. ಎತ್ತರ 3,055 ಮೀಟರ್, ಅಂದರೆ 10,023 ಅಡಿ. ನಮ್ಮ ಮುಳ್ಳಯ್ಯನಗಿರಿಯ 1,930 ಮೀಟರಿನ ಮೇಲೆ ಇನ್ನೊಂದು ಸಾವಿರದ ನೂರು ಮೀಟರಿಗೂ ಹೆಚ್ಚು ಗುಡ್ಡ ಪೇರಿಸಿದಷ್ಟು. ಅಲ್ಲಿನ ಭಾಷೆಯಲ್ಲಿ 'ಹಲೆ' ಎಂದರೆ ಮನೆ, 'ಲಾ' ಎಂದರೆ ಸೂರ್ಯ. ಒಟ್ಟಿನಲ್ಲಿ ಸೂರ್ಯನ ಮನೆ. ಅಲ್ಲಿನವರ ಹಳೆಯ ಕತೆಯೊಂದರಲ್ಲಿ, ಸೂರ್ಯ ಆಕಾಶದಲ್ಲಿ ಓಡೋಡಿ ಹೋಗಿಬಿಡುತ್ತಿದ್ದುದರಿಂದ ತಾಯಿ ಹಿನಾ ಮರದ ತೊಗಟೆಯಿಂದ ಮಾಡಿದ ಬಟ್ಟೆ ಒಣಗುತ್ತಲೇ ಇರಲಿಲ್ಲವಂತೆ. ದ್ವೀಪದ ಹೆಸರೇ ಇರುವ ಆಕೆಯ ಮಗ ಮೌಯಿ ಈ ಬೆಟ್ಟದ ತುದಿಯಲ್ಲಿ ಹೊಂಚುಹಾಕಿ ಕುಳಿತು, ಸೂರ್ಯನಿಗೆ ಕುಣಿಕೆ ಬೀಸಿ ಹಿಡಿದು, ಇನ್ನು ಮುಂದೆ ನಿಧಾನವಾಗಿ ಹೋಗುತ್ತೇನೆಂದು ಮಾತು ಕೊಡಿಸಿಕೊಂಡ ಮೇಲೆಯೇ ಬಿಟ್ಟನಂತೆ. ಆಷಾಢದಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಮಲೆನಾಡಿನ ಹೆಂಗಸರಿಗೆ ಹಿನಾಳ ಕಷ್ಟವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಈ ಬೆಟ್ಟದ ಮೇಲ್ಭಾಗ 1916ರಿಂದ ಹವಾಯಿ ರಾಷ್ಟ್ರೀಯ ಉದ್ಯಾನದ ಭಾಗವಾಗಿತ್ತು. 1961ರಲ್ಲಿ ಹಲೆಯಕಲಾ ರಾಷ್ಟ್ರೀಯ ಉದ್ಯಾನವೆಂದು ಪ್ರತ್ಯೇಕವಾಯಿತು.

ಈಗ 'ಸುಪ್ತ' ಎಂಬ ಪದದ ವಿಚಾರ. ಜ್ವಾಲಾಮುಖಿಗಳಲ್ಲಿ ಮೂರು ವಿಧ, ಜಾಗೃತ, ಸುಪ್ತ ಮತ್ತು ಲುಪ್ತ ಎಂದು ನಾನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಮಕ್ಕಳು ಅದನ್ನು ಮೂರು ಡಬ್ಬಿಗಳೆಂದು ಭಾವಿಸುತ್ತಿದ್ದರು, ನಾನೂ ಹಾಗೆಯೇ ಭಾವಿಸಿದ್ದೆ. ಹಲೆಯಕಲಾವನ್ನು ಪ್ರವಾಸಿಗರೆಲ್ಲ ಸುಪ್ತವೆಂದೇ ಕರೆಯುತ್ತಾರೆ, ನೋಡಿದರೆ ಹೊಗೆಯಿಲ್ಲ, ಬಿಸಿಯಿಲ್ಲ, ಗಂಧಕದ ವಾಸನೆಯೂ ಇಲ್ಲ. ಆದರೆ ಅಮೆರಿಕದ ಭೂವಿಜ್ಞಾನ ಇಲಾಖೆಯ ಪಟ್ಟಿಯಲ್ಲಿ ಅದು ಇನ್ನೂ ಸಕ್ರಿಯ ಜ್ವಾಲಾಮುಖಿ. ಕಳೆದ 1,000 ವರ್ಷಗಳಲ್ಲಿ ಅದು ಕಡಿಮೆಯೆಂದರೂ 10 ಸಲ ಉಕ್ಕಿದೆ. ನಮ್ಮ ಅಳತೆಗೋಲಿನಲ್ಲಿ ಹೇಳುವುದಾದರೆ, ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಅದಕ್ಕೆ ಮೂರೋ ನಾಲ್ಕೋ ತಲೆಮಾರು ಹಿಂದಿನಿಂದ ಎಣಿಸಿದರೆ ಈ ಹತ್ತೂ ಉಕ್ಕುಗಳು ಆ ಲೆಕ್ಕದೊಳಗೆ ಬಂದುಬಿಡುತ್ತವೆ. ಬೆಟ್ಟಕ್ಕೆ ಅದೊಂದು ಮಧ್ಯಾಹ್ನದ ತೂಕಡಿಕೆಯಷ್ಟೇ.

ಕೊನೆಯ ಸಲ ಅದು ಉಕ್ಕಿದ್ದು ಯಾವಾಗ ಎಂಬ ಪ್ರಶ್ನೆಯ ಕತೆಯೇ ಸೊಗಸಾಗಿದೆ. ಬಹು ಕಾಲ ಅದು 1790ರ ಸುಮಾರಿಗೆ ಎಂದೇ ಎಲ್ಲೆಡೆ ಬರೆಯುತ್ತಿದ್ದರು. ಫ್ರೆಂಚ್ ನಾವಿಕ ಲಾ ಪೆರೂಸ್ 1786ರಲ್ಲಿ ಆ ಕಡಲತೀರದ ನಕ್ಷೆ ಮಾಡಿಸಿದ್ದ, ಇಂಗ್ಲಿಷ್ ನಾವಿಕ ವ್ಯಾಂಕೂವರ್ 1793ರಲ್ಲಿ ಮತ್ತೊಂದು ಮಾಡಿಸಿದ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಎರಡನೆಯದರಲ್ಲಿ ಕಾಣುವ ಭೂಚಾಚು ಮೊದಲನೆಯದರಲ್ಲಿ ಇರಲಿಲ್ಲ. ಹಾಗಾದರೆ ನಡುವೆ ಲಾವಾ ಹರಿದು ಕಡಲಿಗೆ ಇಳಿದಿರಬೇಕು ಎಂಬುದು ತರ್ಕ. ಕೇಳುವುದಕ್ಕೆ ಪತ್ತೇದಾರಿ ಕೆಲಸದಷ್ಟು ಚೆನ್ನಾಗಿದೆ. ಆದರೆ ಮುಂದೆ ಇಂಗಾಲದ ಕಾಲಮಾಪನ ಮಾಡಿದಾಗ ಆ ಲಾವಾ 1480 ಮತ್ತು 1600ರ ನಡುವಿನದೆಂದು ಗೊತ್ತಾಯಿತು. ಬೆಟ್ಟ ತಪ್ಪು ಮಾಡಿರಲಿಲ್ಲ, ನಕ್ಷೆ ಬರೆದವರು ಒಂದು ಚಾಚನ್ನು ಬಿಟ್ಟಿದ್ದರು ಅಷ್ಟೆ.

ನಾನೂರು ವರ್ಷ ಮಲಗಿದ್ದು ಇನ್ನು ಏಳುವುದಿಲ್ಲವೆಂದು ಹೇಳಲು ಬರುವುದಿಲ್ಲ. ನಮ್ಮ ದೇಶದಲ್ಲೇ ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿ ಒಂದೂವರೆ ಶತಮಾನ ತೆಪ್ಪಗಿದ್ದು 1991ರಲ್ಲಿ ಮತ್ತೆ ಎದ್ದಿತು. ಹವಾಯಿಯಲ್ಲಿ ಏಳುವ ಮಲಗುವ ಕ್ರಮಕ್ಕೆ ಒಂದು ಕಾರಣವೂ ಉಂಟು. ಭೂಮಿಯ ಆಳದಲ್ಲಿ ಒಂದು ಕಾವಿನ ತಾಣ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಅದರ ಮೇಲೆ ಶಾಂತಸಾಗರದ ತಳದ ಫಲಕ ವರ್ಷಕ್ಕೆ ಕೆಲವು ಸೆಂಟಿಮೀಟರಿನಷ್ಟು ವಾಯವ್ಯಕ್ಕೆ ಸರಿಯುತ್ತಿದೆ. ಒಲೆ ಇದ್ದಲ್ಲೇ ಇದ್ದು, ಹಂಚನ್ನು ಮೆಲ್ಲಗೆ ಪಕ್ಕಕ್ಕೆ ಎಳೆದರೆ ಹೇಗೋ ಹಾಗೆ. ಒಲೆಯ ನೇರಕ್ಕೆ ಈಗ ಇರುವುದು ಆಗ್ನೇಯದ ಹವಾಯಿ ದ್ವೀಪದ ಕಿಲಾವೇಯಾ, ಮೌನಾ ಲೋವಾ ಮುಂತಾದವು. ಮೌಯಿ ಪಕ್ಕಕ್ಕೆ ಸರಿದಿದೆ. ಆದರೆ ಸರಿದ ಹಂಚಿನ ಅಂಚು ಕೂಡಲೇ ಆರುವುದಿಲ್ಲವಲ್ಲ.

ಇನ್ನು ನಾನು, ಮಗಳು, ಅಳಿಯ ಮೂವರೂ ಕೂಡಿ ನಡೆದ ನಡಿಗೆಗೆ ಬರುತ್ತೇನೆ.

ನಮಗೆಲ್ಲ ಬೆಟ್ಟವೆಂದರೆ ಮೊದಲು ಹತ್ತುವುದು, ಆಮೇಲೆ ಇಳಿಯುವುದು. ಸರ್ಪದಾರಿಯಲ್ಲಿ ಮುಳ್ಳಯ್ಯನಗಿರಿ ಹತ್ತುವಾಗ ಉಸಿರು ಬಿಗಿದರೆ ಅರ್ಧ ದಾರಿಯಲ್ಲಿ ತಿರುಗಿ ಬರಬಹುದು. ತಿರುಗಿದ ಕ್ಷಣದಿಂದ ದಾರಿ ಸಲೀಸು. ಹಲೆಯಕಲಾದಲ್ಲಿ ಇದು ತಿರುವುಮುರುವು. ಕಾರು ರಸ್ತೆ ಬೆಟ್ಟದ ನೆತ್ತಿಯವರೆಗೂ ಹೋಗುತ್ತದೆ, ಅಲ್ಲಿಂದ ಚಾರಣಿಗ ಒಳಗಿನ ಮಹಾ ತಗ್ಗಿಗೆ ಇಳಿಯಬೇಕು. ಕಾಲು ಹೊಸತಿರುವಾಗ, ಗಾಳಿ ತಂಪಾಗಿರುವಾಗ, ಎಲ್ಲವೂ ಸುಲಭವೆನಿಸುವಾಗ ಇಳಿಜಾರು. ದಣಿದು, ಬಿಸಿಲು ಏರಿ, ನೀರು ಮುಗಿಯುವ ಹೊತ್ತಿಗೆ ಏರು. ಇಳಿಯಲು ಹಿಡಿದ ಸಮಯದ ಎರಡರಷ್ಟನ್ನು ಹತ್ತಲು ಇಟ್ಟುಕೊಳ್ಳಿ ಎಂದು ಉದ್ಯಾನದವರೇ ತಿಳಿಸುತ್ತಾರೆ. ಸಾಲ ತೆಗೆದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಎತ್ತರದ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಚಿಕ್ಕಮಗಳೂರೇ ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲಿರುವುದರಿಂದ ಮುಳ್ಳಯ್ಯನಗಿರಿ ನಮಗೆ ಇನ್ನು ಒಂಬೈನೂರು ಮೀಟರ್ ಮಾತ್ರ. ಅಲ್ಲಿಯಾದರೆ ಕಡಲ ದಂಡೆಯಲ್ಲಿ ಮಲಗಿ ಎದ್ದವರು ಸುಮಾರು 60 ಕಿಲೋಮೀಟರ್ ರಸ್ತೆಯಲ್ಲಿ, ಎರಡು ಗಂಟೆಯೊಳಗೆ, ಹತ್ತು ಸಾವಿರ ಅಡಿ ಏರಿಬಿಡುತ್ತಾರೆ. ಒಂದು ಉಸಿರಿಗೆ ಸಮುದ್ರಮಟ್ಟದಲ್ಲಿ ಸಿಗುವ ಆಮ್ಲಜನಕದ ಸುಮಾರು ಶೇಕಡ 70 ಮಾತ್ರ ಅಲ್ಲಿ ಸಿಗುತ್ತದೆ. ಕೆಲವರಿಗೆ ತಲೆನೋವು, ಕೆಲವರಿಗೆ ಓಕರಿಕೆ ಶುರುವಾಗುತ್ತದೆ. ನನಗೆ ಆದದ್ದು ಇನ್ನೊಂದು ಬಗೆಯದು, ಯಾವ ಕಾರಣವೂ ಇಲ್ಲದೆ ಸಿಡುಕು. ಮಗಳು ಸ್ವೆಟರ್ ಹಾಕಿಕೋ ಅಮ್ಮ ಎಂದದ್ದಕ್ಕೆ ಸಿಡುಕಿದೆ. ಹಾಕಿಕೊಂಡ ಮೇಲೆ ಇದು ಸಾಲದಲ್ಲ ಎಂದೂ ಸಿಡುಕಿದೆ. ಹವಾಯಿ ಎಂದರೆ ತೆಂಗಿನ ಮರ, ಬಿಸಿಲು ಎಂದು ಚಿತ್ರ ನೋಡಿ ಹೋದವರು ಹತ್ತಿಯ ಅಂಗಿಯಲ್ಲಿ ನಡುಗುತ್ತ ನಿಂತಿರುತ್ತಾರೆ. ಬೆಳಗಿನ ಜಾವ ಅಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವುದುಂಟು.

ಸೂರ್ಯೋದಯ ನೋಡಲು ಹೋಗುವ ವಾಹನಗಳಿಗೆ 2017ರಿಂದ ಮುಂಗಡ ಕಾಯ್ದಿರಿಸುವ ನಿಯಮವಿದೆ, ಬೆಳಗಿನ 3ರಿಂದ 7ರವರೆಗೆ ಚೀಟಿಯಿಲ್ಲದೆ ಒಳಗೆ ಬಿಡುವುದಿಲ್ಲ. ನಾವು ಆ ಗದ್ದಲಕ್ಕೆ ಹೋಗದೆ ಏಳರ ನಂತರ ಹೋದೆವು. ನಡೆಯುವವರಿಗೆ ಹಗಲೇ ಮುಖ್ಯ. ಒಂದು ದಿನದ ಚಾರಣಕ್ಕೆ ಪ್ರವೇಶ ಶುಲ್ಕದ ಹೊರತು ಬೇರೆ ಅನುಮತಿ ಬೇಕಿಲ್ಲ. ಕುದುರೆಮುಖಕ್ಕೆ ಹೋಗಲು ಅರಣ್ಯ ಇಲಾಖೆಯಲ್ಲಿ ಮುಂಗಡ ನೋಂದಾಯಿಸಿ, ಮಾರ್ಗದರ್ಶಕರನ್ನು ಜೊತೆಗೆ ಕರೆದುಕೊಂಡು ಹೋಗಿ ಅಭ್ಯಾಸವಿರುವ ನನಗೆ ಇದು ಸ್ವಲ್ಪ ಅಚ್ಚರಿಯಾಯಿತು. ರಾತ್ರಿ ಉಳಿಯುವವರಿಗೆ ಮಾತ್ರ ಪರವಾನಗಿ.

ದಾರಿಯ ಹೆಸರು ಕೆಯೋನೆಹೆಎಹೆಎ. ಜಾರುವ ಮರಳಿನ ದಾರಿ ಎಂದು ಅದಕ್ಕೆ ಇಂಗ್ಲಿಷಿನಲ್ಲಿಯೂ ಹೆಸರಿದೆ. ಸುಮಾರು 2,970 ಮೀಟರ್ ಎತ್ತರದಲ್ಲಿ ಹೊರಟು, ತಗ್ಗಿನ ತಳವನ್ನು ಅಡ್ಡ ಹಾಯ್ದು, ಇನ್ನೊಂದು ಮಗ್ಗುಲಿನ ಹಲೆಮೌಉ ದಾರಿಯಲ್ಲಿ ಬಂಡೆಗೋಡೆ ಹತ್ತಿ, 2,435 ಮೀಟರಿನಲ್ಲಿ ಹೊರಬಂದರೆ ಒಟ್ಟು 18 ಕಿಲೋಮೀಟರ್. ಹೊರಬರುವ ಜಾಗ ಹೊರಟ ಜಾಗಕ್ಕಿಂತ ಕೆಳಗಿರುವುದರಿಂದ, ಹೋದ ದಾರಿಯಲ್ಲೇ ಮರಳುವುದಕ್ಕಿಂತ ಹತ್ತುವುದು ಕಡಿಮೆಯಾಗುತ್ತದೆ ಎಂಬುದೇ ಇದರ ಲಾಭ. ಅಷ್ಟು ದೂರ ಬೇಡವೆನ್ನುವವರು ಸುಮಾರು ಮೂರು ಕಿಲೋಮೀಟರಿನ ಬಳಿ ಕವಲೊಡೆಯುವ ದಾರಿ ಹಿಡಿದು ಒಂದು ಕಿಟ್ಟದ ಗುಡ್ಡವನ್ನು ನೋಡಿ ಮರಳಬಹುದು. ಮೊದಲ ಸಲ ಹೋಗುವವರಿಗೆ ನಾನು ಅದನ್ನೇ ಹೇಳುತ್ತೇನೆ. ನಾನು ಮಾತ್ರ ಯಾರ ಮಾತನ್ನೂ ಕೇಳಲಿಲ್ಲ.

ಕಿಟ್ಟದ ಗುಡ್ಡ ಎಂದೆ. ಕುಲುಮೆಯ ಬದಿಯಲ್ಲಿ ಬಿಸಾಡಿದ ಕಬ್ಬಿಣದ ಕಿಟ್ಟ ನೋಡಿದವರಿಗೆ ಆ ಕಲ್ಲಿನ ರೂಪ ಕೂಡಲೇ ತಿಳಿಯುತ್ತದೆ. ಅನಿಲ ತುಂಬಿದ ಲಾವಾ ಕಾರಂಜಿಯಂತೆ ಚಿಮ್ಮಿ, ಗಾಳಿಯಲ್ಲೇ ಹನಿಹನಿಯಾಗಿ ಗಟ್ಟಿಯಾಗಿ, ಬಿದ್ದಲ್ಲೇ ರಾಶಿಯಾದರೆ ಕಣದಲ್ಲಿ ಭತ್ತ ತೂರಿದಾಗ ಬೀಳುವಂಥ ಗುಡ್ಡೆಯಾಗುತ್ತದೆ. ಇಂಥ ಗುಡ್ಡೆಗಳು ಆ ತಗ್ಗಿನ ತಳದ ಉದ್ದಕ್ಕೂ ಇವೆ, ಎಲ್ಲಕ್ಕಿಂತ ದೊಡ್ಡದು 180 ಮೀಟರಿಗೂ ಎತ್ತರ. ಮೇಲಿನ ಅಂಚಿನಿಂದ ನೋಡಿದರೆ ಇರುವೆ ಗೂಡಿನಷ್ಟು. ಕಣ್ಣಿಗೆ ಅಳತೆ ಹೇಳಲು ಒಂದು ಮರವೂ ಇಲ್ಲ. ದೂರದಲ್ಲಿ ಮೂರು ಚುಕ್ಕೆಗಳು ಅಲುಗಾಡಿದವು, ಹಕ್ಕಿಗಳೆಂದುಕೊಂಡೆ. ಅರ್ಧ ಗಂಟೆಯ ಮೇಲೆ ಅವು ಬೆನ್ನಿಗೆ ಚೀಲ ಹೊತ್ತ ಮೂವರು ಮನುಷ್ಯರಾಗಿ ಎದುರಿಗೆ ಬಂದವು.

ನಡುವೆ ಒಂದು ಕಡೆ ಕುಳಿತು ದಾರಿಯ ಹುಡಿಯನ್ನು ಅಂಗೈಗೆ ತೆಗೆದುಕೊಂಡೆ. ದೂರಕ್ಕೆ ಒಂದೇ ಕೆಂಪಾಗಿ ಕಂಡದ್ದು ಹತ್ತಿರಕ್ಕೆ ಹಾಗಿರಲಿಲ್ಲ. ಸಾಸಿವೆಯಿಂದ ಕಡಲೆಕಾಳಿನವರೆಗಿನ ಗಾತ್ರದ ಹರಳುಗಳು. ಕೆಲವು ಇಟ್ಟಿಗೆ ಪುಡಿಯ ಬಣ್ಣ, ಕೆಲವು ಹುರಿದು ಹೆಚ್ಚಾದ ಕಾಫಿ ಬೀಜದ ಕಪ್ಪು, ಒಂದೆರಡು ಪಾರಿವಾಳದ ಕೊರಳಿನಂತೆ ನೀಲಿ ಮಿರುಗು. ಪ್ರತಿ ಹರಳಿನಲ್ಲೂ ಸೂಜಿ ಚುಚ್ಚಿದಂತೆ ತೂತುಗಳು. ಅನಿಲ ಹೊರಟುಹೋದ ಗುರುತು ಅದು. ಕಲ್ಲಿನೊಳಗಿನ ಕಬ್ಬಿಣ, ಬಿಸಿ ಹಬೆ ಮತ್ತು ಗಾಳಿ ಸೋಕಿ ತುಕ್ಕು ಹಿಡಿದಷ್ಟೂ ಕೆಂಪು. ಸೋಕದ್ದು ಕಪ್ಪಾಗಿಯೇ ಉಳಿದದ್ದು. ಕೆಮ್ಮಣ್ಣುಗುಂಡಿಯ ಹೆಸರಿನಲ್ಲೇ ಇರುವ ಕೆಂಪಿಗೂ ಇದಕ್ಕೂ ಕಾರಣಕರ್ತ ಒಂದೇ ಲೋಹ ಎಂದು ಮಗಳಿಗೆ ಹೇಳಿದೆ. "ಅಮ್ಮ, ಪಾಠ ಸಾಕು, ಹುಡಿ ಕೆಳಗೆ ಹಾಕು" ಎಂದಳು. ಅಲ್ಲಿಂದ ಒಂದು ಹರಳನ್ನೂ ಒಯ್ಯುವಂತಿಲ್ಲ, ಕಲ್ಲಿನ ಮೇಲೆ ಕಲ್ಲಿಟ್ಟು ಗೋಪುರ ಮಾಡುವಂತಿಲ್ಲ. ಮನೆ ಕಟ್ಟುವ ಹರಕೆಗೆ ಬೆಟ್ಟದಲ್ಲಿ ಕಲ್ಲು ಪೇರಿಸುವ ನಾಡಿನವಳಾದ ನನ್ನ ಕೈ ಎರಡು ಸಲ ತಾನಾಗಿಯೇ ಕಲ್ಲಿನತ್ತ ಹೋಗಿತ್ತು.

ಈಗ ಈ ಉಪನ್ಯಾಸದ ನಡುಗಂಬಕ್ಕೆ ಬರುತ್ತೇನೆ. 11 ಕಿಲೋಮೀಟರ್ ಉದ್ದ, 3 ಕಿಲೋಮೀಟರಿಗೂ ಮಿಕ್ಕ ಅಗಲ, ಸುಮಾರು 800 ಮೀಟರ್ ಆಳದ ಆ ತಗ್ಗನ್ನು ಎಲ್ಲರೂ ಜ್ವಾಲಾಮುಖಿಯ ಬಾಯಿ ಎನ್ನುತ್ತಾರೆ. ಭೂವಿಜ್ಞಾನಿಗಳು ಅಲ್ಲವೆನ್ನುತ್ತಾರೆ. ಬೆಟ್ಟ ದೊಡ್ಡದಾಗಿ ಬೆಳೆದು ಉಕ್ಕುವುದನ್ನು ಕಡಿಮೆ ಮಾಡಿದ ಮೇಲೆ ಮಳೆ ತನ್ನ ಕೆಲಸ ಶುರುಮಾಡಿತು. ಉತ್ತರದ ಮಗ್ಗುಲಿನಲ್ಲಿ ಒಂದು ಕಣಿವೆ, ದಕ್ಷಿಣದ ಮಗ್ಗುಲಿನಲ್ಲಿ ಒಂದು ಕಣಿವೆ. ಎರಡೂ ತಮ್ಮ ತಲೆಯ ಕಡೆಯಿಂದ ಬೆಟ್ಟವನ್ನು ಕೊರೆಯುತ್ತ ಕೊರೆಯುತ್ತ ನೆತ್ತಿಯವರೆಗೆ ಬಂದು ಒಂದನ್ನೊಂದು ಕೂಡಿಕೊಂಡವು. ನಡುವಿನ ಗೋಡೆ ಕುಸಿದು ಈ ಮಹಾ ತಗ್ಗು ಉಂಟಾಯಿತು. ಆಮೇಲೆ ಬೆಟ್ಟ ಮತ್ತೆ ಎಚ್ಚೆತ್ತು, ಅದರ ತಳದಲ್ಲಿ ಹೊಸ ಲಾವಾ ಹರಿಸಿ, ಆ ಕಿಟ್ಟದ ಗುಡ್ಡಗಳನ್ನು ಎಬ್ಬಿಸಿತು. ಪಾತ್ರೆ ನೀರು ಮಾಡಿದ್ದು, ಬೆಂಕಿ ಬಡಿಸಿದ್ದು ಎನ್ನಬಹುದು. ನೀರು ಬಂದು ಹೋದ ಎರಡು ಬಾಗಿಲುಗಳು ಇಂದಿಗೂ ತೆರೆದೇ ಇವೆ. ಮಧ್ಯಾಹ್ನವಾಗುತ್ತಲೇ ಉತ್ತರದ ಬಾಗಿಲಿನಿಂದ ಮೋಡ ಒಳನುಗ್ಗಿ, ಕಿಟ್ಟದ ಗುಡ್ಡಗಳ ನಡುವೆ ಹರಡಿಕೊಂಡಿತು. ದೇವರಮನೆಯ ಕಡೆಯಲ್ಲೋ ಚಾರ್ಮಾಡಿಯಲ್ಲೋ ಘಟ್ಟದ ಕೆಳಗಿನಿಂದ ಮಂಜು ಏರಿ ಬರುವುದನ್ನು ಕಂಡವರು ಆ ನೋಟವನ್ನು ಊಹಿಸಿಕೊಳ್ಳಬಹುದು. ವ್ಯತ್ಯಾಸವೆಂದರೆ ಅದರ ಕೆಳಗೆ ಹುಲ್ಲಿಲ್ಲ.

ಹುಲ್ಲಿಲ್ಲದ ಆ ನೆಲದಲ್ಲಿ ಬೆಳೆಯುವ ಒಂದು ಗಿಡದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಹವಾಯಿಯವರು ಅದನ್ನು ಆಹಿನಾಹಿನಾ ಎನ್ನುತ್ತಾರೆ. ಸೂರ್ಯಕಾಂತಿಯ ವಂಶದ ಗಿಡ, ನೋಡಲು ನಮ್ಮ ಕತ್ತಾಳೆಯ ಮರಿಯನ್ನು ಬೆಳ್ಳಿಯ ಎರಕದಲ್ಲಿ ಅದ್ದಿ ಇಟ್ಟಂತೆ. ಬಾಗಿ ನೋಡಿದರೆ ಎಲೆಯ ಬೆಳ್ಳಿ ಎಲೆಯದಲ್ಲ. ಎಲೆಯ ಮೇಲೆ ಒತ್ತಾಗಿ ಮಲಗಿದ ರೇಷ್ಮೆಯಂಥ ಕೂದಲಿನದು. ಆ ಕೂದಲು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಎಲೆಯ ಒಳಗಿನ ಲೋಳೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೀಗೆ ಇಪ್ಪತ್ತು, ಐವತ್ತು, ಕೆಲವೊಮ್ಮೆ 90 ವರ್ಷವೂ ಕುಳಿತಿದ್ದು, ಒಂದು ಬೇಸಿಗೆಯಲ್ಲಿ ಆಳೆತ್ತರದ ದಂಟು ಎಬ್ಬಿಸಿ, ನೂರಾರು ನಸುಗೆಂಪು ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಗಿರಿಯನ್ನು ನೀಲಿ ಮಾಡಿ ಸಾಯುವ ನಮ್ಮ ಕುರಿಂಜಿ ನೆನಪಾಗದೆ ಇರುತ್ತದೆಯೇ? ಆದರೆ ಕುರಿಂಜಿ ಊರೆಲ್ಲ ಒಟ್ಟಿಗೆ ಕೂಡಿ ಹೋಗುವ ಗಿಡ, ಇದು ತನ್ನ ವರ್ಷವನ್ನು ತಾನೇ ಆರಿಸಿಕೊಳ್ಳುತ್ತದೆ.

1920ರ ದಶಕದ ಹೊತ್ತಿಗೆ ಈ ಗಿಡ ಅಳಿವಿನ ಅಂಚಿಗೆ ಬಂದಿತ್ತು. ಕಾರಣ ಜ್ವಾಲಾಮುಖಿಯಲ್ಲ. ಬೆಟ್ಟ ಹತ್ತಿದೆನೆಂದು ಊರಿನವರಿಗೆ ತೋರಿಸಲು ಜನ ಗಿಡಗಳನ್ನೇ ಕಿತ್ತು ಒಯ್ಯುತ್ತಿದ್ದರು. ಉಳಿದದ್ದನ್ನು ಕಾಡುಬಿದ್ದ ಆಡುಗಳು ಮೇಯುತ್ತಿದ್ದವು. ಕೀಳುವುದನ್ನು ನಿಲ್ಲಿಸಿ, ಬೇಲಿ ಹಾಕಿ ಆಡುಗಳನ್ನು ಹೊರಗಿಟ್ಟ ಮೇಲೆ ಗಿಡ ಚೇತರಿಸಿಕೊಂಡಿತು. ಈಚಿನ ದಶಕಗಳಲ್ಲಿ ಒಣಹವೆ ಹೆಚ್ಚಿ ಮತ್ತೆ ಇಳಿಮುಖವಾಗಿದೆ, ಅದರಲ್ಲೂ ಬೆಟ್ಟದ ಕೆಳಭಾಗದವು ಹೆಚ್ಚು ಸಾಯುತ್ತಿವೆ. ಇದರ ಬೇರು ಆಳಕ್ಕೆ ಹೋಗದೆ ಕಿಟ್ಟದ ಹುಡಿಯ ಮೇಲ್ಪದರದಲ್ಲೇ ಸುತ್ತ ಹರಡಿರುತ್ತದೆ. ಫೋಟೋ ತೆಗೆಯಲು ಎರಡು ಹೆಜ್ಜೆ ಹತ್ತಿರ ಹೋದರೆ ಸಾಕು, ಗಿಡವನ್ನು ಮುಟ್ಟದೆಯೇ ಬೇರನ್ನು ತುಳಿದಿರುತ್ತೇವೆ. ದಾರಿ ಬಿಟ್ಟು ಹೆಜ್ಜೆಯಿಡಬೇಡಿ ಎಂಬ ಫಲಕದ ಹಿಂದಿನ ಕಾರಣ ಇಷ್ಟು ನಿರ್ದಿಷ್ಟವಾದದ್ದೆಂದು ನನಗೆ ಗೊತ್ತಿರಲಿಲ್ಲ. ಕುರಿಂಜಿ ಅರಳಿದ ವರ್ಷ ನಮ್ಮ ಗಿರಿಯಲ್ಲಿ ಹೂವಿನ ನಡುವೆ ಕುಳಿತು, ಮಲಗಿ, ಕಂತೆ ಕಟ್ಟಿ ತೆಗೆಸಿಕೊಂಡ ಚಿತ್ರಗಳು ಈ ಸಭೆಯಲ್ಲಿರುವ ಅನೇಕರ ಫೋನಿನಲ್ಲೂ ಇರಬಹುದು. ನನ್ನದರಲ್ಲಿ ಒಂದಿದೆ.

ತಳ ತಲುಪಿದ ಮೇಲೆ ಒಂದು ಕಡೆ ಮೂವರೂ ಮಾತು ನಿಲ್ಲಿಸಿದೆವು. ಎಲೆಯಿಲ್ಲ, ಹಾಗಾಗಿ ಎಲೆಯ ಸದ್ದಿಲ್ಲ. ನೀರಿಲ್ಲ, ಕೀಟದ ಗುಂಯ್‌ಗುಟ್ಟುವಿಕೆಯೂ ಇಲ್ಲ. ಅಳಿಯ ಬಾಟಲಿಯ ಮುಚ್ಚಳ ತಿರುಗಿಸಿದ್ದು ಹತ್ತು ಮಾರು ದೂರಕ್ಕೆ ಕೇಳಿಸಿತು. ಅಲ್ಲಿನ ಮೌನವನ್ನೂ ಉದ್ಯಾನದವರು ಕಾಪಾಡಬೇಕಾದ ವಸ್ತುಗಳ ಲೆಕ್ಕಕ್ಕೆ ಸೇರಿಸಿದ್ದಾರೆ. ಜೀರುಂಡೆಯ ಕಿರಿಚು ನಿಲ್ಲದ ತೋಟದ ಮನೆಯಲ್ಲಿ ಬೆಳೆದ ನನಗೆ ಐದು ನಿಮಿಷದ ಮೇಲೆ ಅದು ಹಿತವಾಗಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಚಪಾತಿ ಚಟ್ನಿಪುಡಿ ತಿಂದದ್ದು ಹೋಲುಆ ಎಂಬ ಮರದ ಮನೆಯ ಹೊರಗೆ. 1937ರಲ್ಲಿ ಕಟ್ಟಿದ ಮೂರು ಮನೆಗಳಲ್ಲಿ ಅದೊಂದು. ಅಲ್ಲಿ ಎರಡು ನೇನೇ ಹಕ್ಕಿಗಳು ನಮ್ಮ ಚಟ್ನಿಪುಡಿಯ ಡಬ್ಬಿಯನ್ನೇ ನೋಡುತ್ತ ನಡೆದಾಡುತ್ತಿದ್ದವು. ನೇನೇ ಎಂದರೆ ಹವಾಯಿಯದೇ ಆದ ಬಾತುಕೋಳಿ ಜಾತಿಯ ದೊಡ್ಡ ಹಕ್ಕಿ. ಈಜುವುದಕ್ಕಿಂತ ಲಾವಾ ಕಲ್ಲಿನ ಮೇಲೆ ನಡೆಯುವುದೇ ಹೆಚ್ಚಾದ್ದರಿಂದ ಬೆರಳುಗಳ ನಡುವಿನ ಜಾಲಪೊರೆ ಅದಕ್ಕೆ ಕಡಿಮೆ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಪ್ರಪಂಚದಲ್ಲಿ ಉಳಿದಿದ್ದ ಕಾಡು ನೇನೇಗಳು ಸುಮಾರು ಮೂವತ್ತು, ಮೌಯಿಯಲ್ಲಿ ಒಂದೂ ಇರಲಿಲ್ಲ. ಸಾಕಿ ಬೆಳೆಸಿದ ಹಕ್ಕಿಗಳನ್ನು 1962ರಲ್ಲಿ ಸ್ಕೌಟ್ ಹುಡುಗರು ಪೆಟ್ಟಿಗೆಯಲ್ಲಿಟ್ಟು ಬೆನ್ನ ಮೇಲೆ ಹೊತ್ತು ಈ ತಗ್ಗಿಗೆ ಇಳಿಸಿದರು. ಅವುಗಳಿಗೆ ಏನನ್ನೂ ತಿನ್ನಿಸಬಾರದು. ತಿಂದು ರುಚಿ ಹತ್ತಿದ ಹಕ್ಕಿ ರಸ್ತೆ ಬದಿಗೆ ಬರುತ್ತದೆ, ಬಂದದ್ದು ಗಾಡಿಗೆ ಸಿಗುತ್ತದೆ.

ಆಮೇಲಿನದು ಏರು. ಹಲೆಮೌಉ ದಾರಿ ಬಂಡೆಗೋಡೆಯಲ್ಲಿ ಹಿಂದೆ ಮುಂದೆ ಸುತ್ತುತ್ತ ಸುಮಾರು 1,400 ಅಡಿ ಹತ್ತುತ್ತದೆ. ದಾರಿ ಗಟ್ಟಿಯಾಗಿದೆ, ಮೋಡದ ತಂಪಿತ್ತು, ಹಸಿರೂ ಶುರುವಾಗಿತ್ತು. ದೋಷವೆಲ್ಲ ನನ್ನದು. ಮೂರು ಲೀಟರ್ ನೀರು ಬೇಕೆಂದು ಮಗಳು ಹೇಳಿದ್ದಕ್ಕೆ ಭಾರವೆಂದು ಎರಡು ಹೊತ್ತಿದ್ದೆ. ದಾರಿಯಲ್ಲೆಲ್ಲೂ ಕುಡಿಯುವ ನೀರಿಲ್ಲ. ಮನೆಗಳ ಬಳಿ ಇರುವುದನ್ನು ಶುದ್ಧಮಾಡದೆ ಕುಡಿಯುವಂತಿಲ್ಲ. ಬೂಟಿನೊಳಗೆ ಸೇರಿದ ಕಿಟ್ಟದ ಹರಳನ್ನು ಆಗಾಗ ಕೊಡವಬೇಕಿತ್ತು, ಸೋಮಾರಿತನದಿಂದ ಬಿಟ್ಟು ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಟೋಪಿಯ ಅಂಚು ಮುಖಕ್ಕೆ ನೆರಳು ಕೊಟ್ಟಿತ್ತೇ ಹೊರತು ಕಿವಿಯ ಹಿಂಭಾಗ ಬೆಂದು, ಮುಂದೆ ಒಂದು ವಾರ ಸಿಪ್ಪೆ ಸುಲಿಯಿತು. ಚಳಿಯಲ್ಲಿ ಬಿಸಿಲು ಸುಡುವುದಿಲ್ಲವೆಂಬ ನಮ್ಮ ನಂಬಿಕೆ ಅಷ್ಟು ಎತ್ತರದಲ್ಲಿ ನಡೆಯುವುದಿಲ್ಲ. ಕೊನೆಯ ಎರಡು ಕಿಲೋಮೀಟರಿನಲ್ಲಿ ಅಳಿಯ ನನ್ನ ಚೀಲವನ್ನೂ ಹೊತ್ತರು, ನಾನು ಬೇಡವೆನ್ನಲಿಲ್ಲ.

ಕಾರು ಬೆಟ್ಟದ ನೆತ್ತಿಯಲ್ಲೇ ಉಳಿದಿತ್ತು. ಇದಕ್ಕೊಂದು ವ್ಯವಸ್ಥೆಯಿದೆ: ದಾರಿ ಮುಗಿಯುವಲ್ಲಿ, ರಸ್ತೆಯ ಮೇಲ್ಮುಖದ ಬದಿಗೆ, ಚಾರಣಿಗರನ್ನು ಹತ್ತಿಸಿಕೊಳ್ಳಲೆಂದೇ ಗುರುತು ಮಾಡಿದ ಜಾಗವೊಂದಿದೆ. ನಮ್ಮ ಘಟ್ಟದ ರಸ್ತೆಯಲ್ಲಿ ಹಾಲಿನ ಗಾಡಿಗೆ ಕೈ ಅಡ್ಡ ಹಿಡಿದಷ್ಟೇ ಸಹಜವಾಗಿ ಜನ ಅಲ್ಲಿ ಕೈ ಹಿಡಿಯುತ್ತಾರೆ. ಹತ್ತು ನಿಮಿಷದಲ್ಲಿ ಒಂದು ಕಾರು ನಿಂತಿತು.

ಹಿಂತಿರುಗಿ ಬಂದ ಮೇಲೆ ಜೀಪಿನ ಚಾಲಕರ ಮಾತನ್ನು ಮತ್ತೆ ಕೈಗೆತ್ತಿಕೊಂಡೆ. ಬಾಬಾಬುಡನ್‌ಗಿರಿಯ, ಅಂದರೆ ಚಂದ್ರದ್ರೋಣ ಸಾಲಿನ, ಈ ಲಾಳ ಜ್ವಾಲಾಮುಖಿಯ ಬಾಯಲ್ಲ. ಕೋಟ್ಯಂತರ ವರ್ಷಗಳ ಒತ್ತಡದಲ್ಲಿ ಮಡಿಕೆಯಾದ ಶಿಲಾಪದರಗಳಲ್ಲಿ ಗಟ್ಟಿಯಾದ ಕಬ್ಬಿಣದ ಪಟ್ಟೆಗಲ್ಲು ದಿಣ್ಣೆಯಾಗಿ ಉಳಿದು, ಮೆದುವಾದದ್ದನ್ನು ಮಳೆಯೂ ಹೊಳೆಯೂ ಕೊರೆದು ಕಣಿವೆ ಮಾಡಿದವು. ಇಲ್ಲಿಯೂ ಜನ ಬೆಂಕಿಯ ಬಾಯೆಂದು ತೋರಿಸುವುದು ನೀರಿನ ಕೆಲಸವನ್ನೇ. ಆದರೆ ಚಾಲಕರ ಮಾತಿನ ಇನ್ನರ್ಧ ಸರಿ: ಇಲ್ಲಿ ಬೆಂಕಿ ಇತ್ತು. ಭೂವಿಜ್ಞಾನಿಗಳು ಬಾಬಾಬುಡನ್ ಶಿಲಾಸಮೂಹವೆಂದು ಕರೆಯುವ ಈ ಪದರಗಳ ತಳದಲ್ಲಿ, ನಮ್ಮ ಪಕ್ಕದ ಕರ್ತಿಕೆರೆಯ ಬಳಿ ಕಾಣುವಂತೆ, ಬೆಣಚಿನ ಉರುಟು ಕಲ್ಲುಗಳು ಬೆಸೆದ ಗಟ್ಟಿ ಪದರವಿದೆ. ಅದರ ಮೇಲೆ ಲಾವಾ ಹರಿವುಗಳು, ನಡುನಡುವೆ ಮರಳು ಗಟ್ಟಿಯಾದ ಪದರಗಳು, ಮತ್ತೆ ಲಾವಾ, ಎಲ್ಲಕ್ಕೂ ಮೇಲೆ ಮುಳ್ಳಯ್ಯನಗಿರಿಯ ಕಬ್ಬಿಣದ ಪಟ್ಟೆಗಲ್ಲು. ವಯಸ್ಸು ಸುಮಾರು 270ರಿಂದ 290 ಕೋಟಿ ವರ್ಷ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಕೂಡ ಲಾವಾದಿಂದಲೇ ಆದವು, ಆದರೆ ಅವಕ್ಕೆ ಸುಮಾರು ಒಂಬತ್ತು ಕೋಟಿ ವರ್ಷವಷ್ಟೇ. ನಮ್ಮದರ ಪಕ್ಕದಲ್ಲಿ ಅವು ನಿನ್ನೆಯ ಮಕ್ಕಳು. ಇದನ್ನು ಸುಪ್ತವೆನ್ನುವುದಕ್ಕಂತೂ ಬರುವುದಿಲ್ಲ. ಆ ಲಾವಾ ಹರಿದ ಬಾಯಿ ಎಲ್ಲಿತ್ತೆಂದು ತೋರಿಸಲು ಗುಡ್ಡವೇ ಉಳಿದಿಲ್ಲ.

ಗುರುತು ಮಾತ್ರ ಉಳಿದಿದೆ. ಗಿರಿಯ ತಪ್ಪಲಿನ ಹಳ್ಳಗಳಲ್ಲಿ ಕಪ್ಪು ಹಸಿರು ಕಲ್ಲೊಂದು ಸಿಗುತ್ತದೆ, ಮೈಮೇಲೆ ಅವರೆಕಾಳಿನಷ್ಟು ಬಿಳಿ ಚುಕ್ಕೆಗಳಿರುತ್ತವೆ. ಲಾವಾದೊಳಗೆ ಅನಿಲ ಬಿಟ್ಟುಹೋದ ತೂತುಗಳಲ್ಲಿ ಮುಂದೆ ಬೆಣಚು ತುಂಬಿಕೊಂಡು ಆದ ಚುಕ್ಕೆಗಳವು. ಇಂಥದೊಂದು ನಮ್ಮ ಬಚ್ಚಲು ಮನೆಯ ಹೊರಗೆ ಬಟ್ಟೆ ಒಗೆಯುವ ಜಾಗದಲ್ಲಿ ಸೋಪು ಇಡಲು ನನ್ನ ಅತ್ತೆಯ ಕಾಲದಿಂದ ಇದೆ. ಹವಾಯಿಯಿಂದ ಬಂದ ವಾರ ಬೂಟನ್ನು ಅಲ್ಲೇ ತೊಳೆಯುತ್ತಿದ್ದೆ. ಅಟ್ಟೆಯ ಸಂದಿನಿಂದ ಒಂದು ಕೆಂಪು ಹರಳು ಉದುರಿ, ನೀರಿನೊಂದಿಗೆ ಸರಿದು, ಆ ಕಲ್ಲಿಗೆ ಹೋಗಿ ತಾಗಿತು. ಒಂದರ ತೂತುಗಳು ಇನ್ನೂ ಖಾಲಿ, ಇನ್ನೊಂದರವು ತುಂಬಿದ್ದವು. ಒಂದು ಹರಳನ್ನೂ ಒಯ್ಯಬಾರದೆಂಬ ನಿಯಮ ನೆನಪಾಗಿ, ಅಂಚೆಯಲ್ಲಿ ಹಿಂದಕ್ಕೆ ಕಳಿಸಲೇ ಎಂದು ನಮ್ಮ ಮನೆಯವರನ್ನು ಕೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, "ಸಾಸಿವೆಯಷ್ಟಿದೆ, ಲಕೋಟೆಯೊಳಗೆ ಅವರಿಗೆ ಸಿಗುತ್ತದೆಯೇ?" ಎಂದರು. ಅದು ಈಗಲೂ ಒಂದು ಲಕೋಟೆಯಲ್ಲಿ, ವಿಳಾಸ ಬರೆದು, ಮೇಜಿನ ಖಾನೆಯಲ್ಲಿದೆ.